ಮಡಚದ ಬೆರಳು

ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಚಹಾದ ಬಟ್ಟಲು ಹಿಡಿದರೂ, ಕನ್ನಡಕ ಸರಿಮಾಡಿಕೊಂಡರೂ, ಆ ಒಂದು ಬೆರಳು ಕಡ್ಡಿಯಂತೆ ನೆಟ್ಟಗೆ ನಿಂತು ಎದುರಿಗಿದ್ದವರನ್ನೇ ತೋರಿಸುತ್ತಿತ್ತು. ಮೊದಲ ಸಲ ಅವರ ಅಂಗಡಿಗೆ ಹೋದಾಗ ನಾನೇನೋ ತಪ್ಪು ಮಾಡಿದ್ದೇನೆ ಎಂದುಕೊಂಡು ಎರಡು ಸಲ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂದೆ. ಅವರು ಮೂರನೆಯದನ್ನು ಕಾಯುವವರಂತೆ ನೋಡಿದರು.

ಹಿರೋಷಿಮಾದಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಬೆಟ್ಟದೂರಿನಲ್ಲಿ ಅವರದು ಚಾಕು, ಕುಡುಗೋಲು, ಗರಗಸಗಳ ಪುಟ್ಟ ಅಂಗಡಿ. ವಯಸ್ಸು ಎಪ್ಪತ್ತು ದಾಟಿತ್ತು. ಆ ಊರಿನ ಬೇಟೆಗಾರರ ಗುಂಪಿನಲ್ಲಿ ಇದ್ದ ಒಬ್ಬರೇ ಹೆಂಗಸು. ನಾನು ಅವರನ್ನು ಓಬಾಸಾನ್, ಅಂದರೆ ಅಜ್ಜಿ, ಎನ್ನುತ್ತಿದ್ದೆ. ನನ್ನ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. ಇಂಡಿಯಾದವನಲ್ಲವೇ, "ಇಂದೋ-ಸಾನ್" ಎಂದರು. ನಮ್ಮ ಮಾತೆಲ್ಲ ನನ್ನ ಹರುಕುಮುರುಕು ಜಪಾನಿಯಲ್ಲಿ ನಡೆದದ್ದು. ಆದರೂ ನೆನಪಿನಲ್ಲಿ ಅಜ್ಜಿ ಮಾತಾಡುವುದು ಕನ್ನಡದಲ್ಲೇ.

ನಾನು ಮೈಸೂರಿನಿಂದ ಗಿಡಮರಗಳ ಮೇಲೆ ಪಿಎಚ್‌ಡಿ ಮಾಡಲು ಬಂದವನು. ಮೊಟ್ಟೆಯನ್ನೂ ಮುಟ್ಟದ ಮನೆಯವನು. ಕಾಡಿನ ಯಾವ ಸಸಿಗಳನ್ನು ಜಿಂಕೆಗಳು ತಿಂದು ಮುಗಿಸುತ್ತಿವೆ ಎಂದು ತಿಳಿಯಲು ಅವುಗಳ ಹೊಟ್ಟೆಯಲ್ಲಿರುವ ಎಲೆಗಳನ್ನೇ ನೋಡಬೇಕು ಎಂದು ಪ್ರೊಫೆಸರು ಹೇಳಿದಾಗ ದೊಡ್ಡದಾಗಿ ತಲೆಯಾಡಿಸಿದ್ದೆ. ಆ ಹೊಟ್ಟೆಯನ್ನು ನಾನೇ ತೆಗೆಯಬೇಕು ಎಂಬುದು ಹೊಳೆದಿರಲಿಲ್ಲ. ಬೇಟೆಗಾರರು ಹೊಡೆದ ಜಿಂಕೆಯನ್ನು ಬೆಟ್ಟದ ಮೇಲೆ ಅಲ್ಲಿಯೇ ಬಗೆದು, ಎಲ್ಲೂ ತೂತಾಗದಂತೆ ಹೊಟ್ಟೆಯ ಚೀಲವನ್ನು ತರಬೇಕಿತ್ತು. ಬದನೆಕಾಯಿ ಹೆಚ್ಚುವಾಗಲೂ ಬೆರಳು ಕೊಯ್ದುಕೊಳ್ಳುವ ಆಸಾಮಿ ನಾನು. ಹೆದರಿದವನ ಮೇಲೆ ಹಾವು ಎಸೆದ ಹಾಗಾಯಿತು. ಬಿಟ್ಟರೆ ಓದು ಅಲ್ಲಿಗೇ ನಿಲ್ಲುತ್ತಿತ್ತು.

"ಹೆದರಿಕೆ ಇದೆಯಾ?" ಅಜ್ಜಿ ಕೇಳಿದ ಮೊದಲ ಪ್ರಶ್ನೆ ಅದು.

"ತುಂಬಾ ಇದೆ."

"ಹಾಗಾದ್ರೆ ಒಳಗೆ ಬಾ. ಇಲ್ಲ ಅನ್ನೋರಿಗೆ ನಾನು ಮಾರಲ್ಲ. ಬೆಟ್ಟದಲ್ಲಿ ಎಷ್ಟು ಸಲ ಬಿದ್ದಿದ್ದೀಯ?"

"ಮೂರು ಸಲ."

"ಸರಿ, ಮಡಚೋ ಚಾಕುನೇ. ತೊಳೆಯೋದು ಕಷ್ಟ, ಆದ್ರೆ ಬಿದ್ದಾಗ ಚುಚ್ಚಲ್ಲ."

ನಾಲ್ಕು ಚಾಕುಗಳನ್ನು ಬಟ್ಟೆಯ ಮೇಲೆ ಹರಡಿದರು. ನಾನು ಅವುಗಳಲ್ಲಿ ಕಪ್ಪಗೆ ಮಿರುಗುವ, ಉದ್ದ ಅಲಗಿನದಕ್ಕೆ ಕೈ ಹಾಕಿದೆ. ಅಜ್ಜಿ ಕೈಮೇಲೆ ಪಟ್ಟೆಂದು ಹೊಡೆದರು. ಮೊನೆ ಸೂಜಿಯಂತಿದ್ದರೆ ಕರುಳಿಗೆ ತಾಗುತ್ತದೆ, ಅಲಗಿನ ಬೆನ್ನು ಇಳಿಜಾರಾಗಿ ಮೊನೆ ತಗ್ಗಿರಬೇಕು. ಅಲಗು ನನ್ನ ತೋರುಬೆರಳಿಗಿಂತ ಉದ್ದ ಬೇಡ, ಜಿಂಕೆಯ ಒಳಗೆ ಕತ್ತಲಲ್ಲಿ ಮೊನೆ ಎಲ್ಲಿದೆ ಎಂದು ಬೆರಳಿಗೇ ಗೊತ್ತಾಗಬೇಕು. ಕಪ್ಪು ಹಿಡಿ ಎಲೆಗಳಲ್ಲಿ ಬಿದ್ದರೆ ಸಿಗುವುದಿಲ್ಲ. ಇಷ್ಟು ಹೇಳಿ ನನ್ನ ಅಂಗೈಗೆ ಅಡುಗೆ ಎಣ್ಣೆ ಸುರಿದು, ಐಸ್ ನೀರಿನಲ್ಲಿ ಅದ್ದಿಸಿ, ಚಳಿಗೆ, ಕೊಬ್ಬಿಗೆ ಅಲ್ಲಿ ಕೈ ಹೀಗೇ ಇರುತ್ತದೆ, ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಅಲಗು ಹಿಡಿದಿಡುವ ಲಾಕು ಕೂರುವವರೆಗೆ ಬಿಚ್ಚಿ, ಮತ್ತೆ ಮಡಚು ಎಂದರು. ಎರಡು ಜಾರಿ ಬಿದ್ದವು. ಉಳಿದ ಎರಡರಲ್ಲಿ ಕಿತ್ತಳೆ ಹಿಡಿಯದನ್ನು ಎತ್ತಿಕೊಂಡು, ಅಲಗಿನ ಬುಡದಲ್ಲಿದ್ದ ಅರ್ಧಚಂದ್ರದಂಥ ಕಚ್ಚನ್ನು ತೋರಿಸಿದರು. ಅಲ್ಲಿ ಮಾತ್ರ ಹರಿತವಿರಲಿಲ್ಲ.

"ಇದು ಯಾಕೆ ಗೊತ್ತಾ?"

"ಇಲ್ಲ."

"ಗೊತ್ತಾಗದೇ ಇದ್ರೇ ಒಳ್ಳೇದು," ಎಂದು ಅದನ್ನೇ ಕಟ್ಟಿಕೊಟ್ಟರು.

ಕೆಲಸದ ದಿನ ಬಿಟ್ಟು ಬೇರೆ ದಿನ ಜೇಬಲ್ಲಿಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆ ಎಂದೂ ಹೇಳಿದ್ದರು. ಚಾಕುವನ್ನು ಡಬ್ಬಿಯಲ್ಲಿ ಹಾಕಿ, ದಾರ ಸುತ್ತಿ, ಚೀಲದ ತಳದಲ್ಲಿಟ್ಟುಕೊಂಡು ಬಂದರೂ ಬಸ್ ಸ್ಟ್ಯಾಂಡಿನ ಪೊಲೀಸಪ್ಪನನ್ನು ಕಂಡು ಜೀವ ಬಾಯಿಗೆ ಬಂತು. ಅವನು ಏನೂ ಕೇಳದಿದ್ದರೂ ಬಗ್ಗಿ ನಮಸ್ಕರಿಸಿದೆ. ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ತಡೆದಳು. "ಕಿಚನ್ನಿಗೆ ಮಾತ್ರ ತರ್ಬೇಡ ಕಣೋ, ಪ್ಲೀಸ್. ವಿಡಿಯೋ ಕಾಲಲ್ಲಿ ಅಮ್ಮನ ಕಣ್ಣಿಗೆ ಬಿದ್ರೆ ಮುಗೀತು ಕಥೆ." ಚಾಕು ಬಾಲ್ಕನಿಯಲ್ಲಿ, ತುಳಸಿ ಕುಂಡದ ಹಿಂದೆ ವಾಸ ಮಾಡಿತು.

ಮೊದಲ ಜಿಂಕೆಯ ದಿನ ಅಜ್ಜಿ ನನ್ನ ಬೆನ್ನ ಹಿಂದೆಯೇ ಕೂತಿದ್ದರು. ಹಿಮದ ಮೇಲೆ ಅದು ಮಲಗಿತ್ತು, ಕಣ್ಣು ತೆರೆದೇ ಇತ್ತು. ಎರಡು ಬೆರಳಿನಿಂದ ಚರ್ಮವನ್ನು ಎತ್ತಿ ಹಿಡಿದು, ಅವುಗಳ ನಡುವೆ ಅಲಗಿನ ಹರಿತ ಮೇಲೆ ಮಾಡಿ ಸೀಳಬೇಕು. ಅಜ್ಜಿ ನನ್ನ ಮೊಣಕೈ ಹಿಡಿದುಕೊಂಡರು. "ಹೆದರು. ಹೆದರ್ಕೊಂಡೇ ಮಾಡು. ಅವಸರ ಮಾತ್ರ ಬೇಡ." ಒಳಗಿನ ಬಿಸಿ ಕೈಗೆ ತಾಗಿದಾಗ ಅಳು ಬಂತು. ಅತ್ತುಕೊಂಡೇ ಮುಗಿಸಿದೆ. ಹೊಟ್ಟೆಯ ಚೀಲ ಎಲ್ಲೂ ಒಡೆದಿರಲಿಲ್ಲ.

ಆಮೇಲೆ ಪ್ರತಿ ಸಲವೂ ಅಂಗಡಿಯಲ್ಲಿ ಚಹಾ ಕುಡಿಸಿ, ಅದೇ ಪ್ರಶ್ನೆ ಕೇಳಿ, ಬೆಟ್ಟಕ್ಕೆ ಕರೆದೊಯ್ಯುತ್ತಿದ್ದರು. ಚಿಕ್ಕವನಿದ್ದಾಗ ನಾನು ನಿದ್ದೆಯಲ್ಲಿ ಬೆಚ್ಚಿಬಿದ್ದರೆ ನಮ್ಮಜ್ಜಿ ದಿಂಬಿನ ಕೆಳಗೆ ಅಡಕೆಕತ್ತರಿ ಇಡುತ್ತಿದ್ದುದನ್ನು ಒಮ್ಮೆ ಹೇಳಿದೆ. ಅವರಿಗೆ ಭಾರಿ ಖುಷಿಯಾಯಿತು. "ನಮ್ಮಲ್ಲಿ ಸತ್ತೋರ ಎದೆ ಮೇಲೆ ಚಾಕು ಇಡ್ತೀವಿ. ದಾರೀಲಿ ಅವರಿಗೂ ಹೆದರಿಕೆ ಆಗುತ್ತಲ್ಲ," ಎಂದರು.

ಎರಡನೆಯ ಚಳಿಗಾಲ. ಅಷ್ಟರಲ್ಲಿ ಹದಿನಾಲ್ಕು ಜಿಂಕೆಗಳಾಗಿದ್ದವು. ಅಂದು ಬೆಟ್ಟದ ಮೇಲೇ ಕೇಳಿದರು, "ಹೆದರಿಕೆ ಇದೆಯಾ?"

"ಇಲ್ಲ ಓಬಾಸಾನ್. ಈಗ ಅಭ್ಯಾಸ ಆಯ್ತು." ಜಂಬದಿಂದಲೇ ಹೇಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನನ್ನ ಕೈ ಜಿಂಕೆಯ ಪಕ್ಕೆಲುಬಿನೊಳಗೆ ಹೋಗಿ ಆಗಿತ್ತು.

ಕೈ ಹೊರಗೆಳೆಯುವಾಗ ಅಲಗಿನ ಬೆನ್ನು ಮೂಳೆಗೆ ಬಡಿಯಿತು. ಲಾಕು ಬಿಟ್ಟುಕೊಂಡಿತು. ಚಾಕು ನನ್ನ ಮುಷ್ಟಿಯಲ್ಲೇ ಮಡಚಿಕೊಂಡಿತು.

ನನ್ನ ಕೂಗು ನನಗೇ ಕೇಳಲಿಲ್ಲ. ಬೆರಳು ಹೋಯಿತು ಎಂದೇ ಅಂದುಕೊಂಡೆ. ಅಜ್ಜಿ ನನ್ನ ಕೈಯನ್ನು ಕಿತ್ತುಕೊಳ್ಳುವವರಂತೆ ಎಳೆದು ಹಿಮದಲ್ಲಿ ಉಜ್ಜಿದರು. ರಕ್ತ ಜಿಂಕೆಯದು. ನನ್ನ ತೋರುಬೆರಳಿನ ಮೇಲೆ ಬಿದ್ದದ್ದು ಆ ಹರಿತವಿಲ್ಲದ ಕಚ್ಚು. ಕಪ್ಪಗೆ ಕಂದಿತ್ತು, ಅಷ್ಟೇ. ನಾನು ನಡುಗುತ್ತಿದ್ದೆ, ಅವರು ನನಗಿಂತ ಹೆಚ್ಚು ನಡುಗುತ್ತಿದ್ದರು.

ಚಾಕುವಿನ ಕೀಲಿನೊಳಗೆ ಬೆಂಕಿಕಡ್ಡಿ ಹಾಕಿ ಕೆದಕಿದರು. ಹಿಂದಿನ ಸಲದ ಕೊಬ್ಬು, ಕೂದಲು ಒಣಗಿ ಗಟ್ಟಿಯಾಗಿ ಲಾಕು ಪೂರ್ತಿ ಕೂರದಂತೆ ಮಾಡಿತ್ತು. ಮೊದಲೆಲ್ಲ ಹೆದರಿಕೆಗೆ ಮೂರು ಸಲ ಬಿಸಿನೀರಲ್ಲಿ ತೊಳೆಯುತ್ತಿದ್ದವನು ಈ ಸಲ ಒರೆಸಿ ಇಟ್ಟುಬಿಟ್ಟಿದ್ದೆ.

"ನೂರಾರು ಜಿಂಕೆ ಬಗೆದಿದ್ದೆ ನಾನು," ಎಂದರು, ಆ ನೆಟ್ಟಗಿನ ಬೆರಳನ್ನು ನನ್ನ ಮುಂದೆ ಹಿಡಿದು. "ಒಂದಿನ ಹೆದರಿಕೆನೇ ಆಗ್ಲಿಲ್ಲ. ಕೀಲು ನೋಡ್ಲಿಲ್ಲ. ನನ್ನ ಚಾಕುಗೆ ಈ ಕಚ್ಚು ಇರ್ಲಿಲ್ಲ. ಅದು ಮಡಚ್ಕೊಂಡ್ತು, ಇದು ಮತ್ತೆ ಮಡಚ್ಲೇ ಇಲ್ಲ."

ಆ ದಿನ ಚಾಕುವನ್ನು ಕಸಿದುಕೊಂಡರು. ಒಂದು ತಿಂಗಳು ಕೊಡಲಿಲ್ಲ.

ಕಳೆದ ವರ್ಷ ಅವರ ಮಗಳು ಫೋನ್ ಮಾಡಿದರು. ಅಮ್ಮ ಹೋದರು, ನಿಮ್ಮ ಚಾಕು ತರುತ್ತೀರಾ ಎಂದರು. "ಅಂಗಡಿ ತುಂಬ ಚಾಕು ಇವೆ. ಆದ್ರೆ ಅಮ್ಮ ಹೇಳಿಟ್ಟಿದ್ರು, ಎದೆ ಮೇಲೆ ಇಂದೋ-ಸಾನ್ ಚಾಕುನೇ ಇಡು, ಹೆದರೋನ ಚಾಕು ಸರಿಯಾಗಿ ಕಾಯುತ್ತೆ ಅಂತ."

ಹೆಂಡತಿ ತಾನೇ ತುಳಸಿ ಕುಂಡದ ಹಿಂದಿನಿಂದ ತೆಗೆದು ಕೊಟ್ಟಳು. ಪೊಲೀಸರು ಕೇಳಿದರೆ ಏನೆಂದು ಹೇಳಲಿ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆವರಿದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಳಿ ಹಾಸಿಗೆಯ ಮೇಲೆ ಅಜ್ಜಿ ಮಲಗಿದ್ದರು. ಅವರ ಎರಡೂ ಕೈ ಸೇರಿಸಿ ಮನೆಯವರು ಬೆರಳು ಹೆಣೆದಿದ್ದರು. ಒಂದು ಮಾತ್ರ ಹೆಣೆಯಲು ಬಾರದೆ ನೆಟ್ಟಗೆ ನಿಂತು ನನ್ನನ್ನು ತೋರಿಸುತ್ತಿತ್ತು. ಮಂಡಿಯೂರಿ ಚಾಕು ಬಿಚ್ಚಿದೆ. ಕೀಲಿನಲ್ಲಿ ಬೆಂಕಿಕಡ್ಡಿ ಆಡಿಸಿದೆ, ಏನೂ ಇರಲಿಲ್ಲ. ಲಾಕನ್ನು ಮೂರು ಸಲ ನೋಡಿದೆ. ಅವಸರ ಮಾಡದೆ ಮಡಚಿ, ಎದೆಯ ಮೇಲಿಟ್ಟೆ.

ಈ ಸಲ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. "ಇದೆ ಓಬಾಸಾನ್, ತುಂಬಾ ಇದೆ," ಎಂದು ನಾನೇ ಹೇಳಿದೆ.