ಕಚೇರಿಯ ಚರಿತ್ರೆಯಿಂದ ನಾನು ಬಿಟ್ಟ ಹೆಸರು

ಆ ಕಾಗದ ಸಿಕ್ಕಿತ್ತು. ಸಿಗಲಿಲ್ಲ ಎಂದು ನಾನು ಸಣ್ಣಮ್ಮನಿಗೆ ಹೇಳಿದ್ದು ಸುಳ್ಳು.

ನಮ್ಮೂರ ಗುಡ್ಡದ ಮೇಲಿನ ಹಳೆಯ ಅಮಲ್ದಾರ್ ಕಚೇರಿಗೆ ನೂರು ವರ್ಷ ತುಂಬಿದಾಗ ಅದರ ಚರಿತ್ರೆ ಬರೆಯುವ ಕೆಲಸ ನನಗೆ ಬಂತು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತನಾದವನು ನಾನು, ಹಿಗ್ಗಿಹೋದೆ. ಆ ಗುಡ್ಡವನ್ನು ಸರ್ಕಾರಕ್ಕೆ ದಾನ ಕೊಟ್ಟವರು ಒಂದು ದೊಡ್ಡ ಎಸ್ಟೇಟಿನ ಹಿರಿಯರೆಂದು ಊರೆಲ್ಲ ನಂಬಿತ್ತು. ಅವರ ಮೊಮ್ಮಗನೇ ಸಮಾರಂಭದ ಅಧ್ಯಕ್ಷ. ನನ್ನ ಹೆಸರು ಸೂಚಿಸಿದವರೂ ಅವರೇ.

ಸಣ್ಣಮ್ಮ ಬೆಳಗೋಡಿನ ಕಡೆ ತೋಟಗಳಲ್ಲಿ ಕೂಲಿ ಮಾಡಿಕೊಂಡಿದ್ದ ಮುದುಕಿ. ನಾನು ದಾಖಲೆ ಕೋಣೆಯಲ್ಲಿ ಹುಡುಕುತ್ತಿದ್ದೇನೆಂದು ಕೇಳಿ ಬಸ್ಸು ಹತ್ತಿ ಬಂದಳು. ಗುಡ್ಡದಲ್ಲಿ ಮೊದಲು ಇದ್ದದ್ದು ಅವಳಜ್ಜ ಕಾಳನ ಮನೆ, ಹೊಲವಂತೆ. ಕಚೇರಿಗಾಗಿ ಆ ಜಾಗ ಬಿಡಿಸುವಾಗ ಬದಲಿ ಜಮೀನು ಕೊಡುತ್ತೇವೆಂದು ಅಮಲ್ದಾರರು ಬರೆದಿದ್ದರಂತೆ. ಅವಳಪ್ಪ ಸಾಯುವವರೆಗೂ ಅದನ್ನೇ ಹೇಳುತ್ತಿದ್ದನಂತೆ. ಅರ್ಜಿ ಕೊಟ್ಟಾಗಲೆಲ್ಲ ದಾಖಲೆ ತಾ ಎಂದು ಅವಳನ್ನು ವಾಪಸ್ಸು ಕಳಿಸಿದ್ದರು.

ಮೂರನೆಯ ವಾರ ಅದು ಸಿಕ್ಕಿತು. ಅಮಲ್ದಾರರ ಸಹಿ, ಕಾಳನ ಹೆಬ್ಬೆಟ್ಟು. ಬದಲಿ ಜಮೀನಿನ ಮಾತಿತ್ತು, ದಾನದ ಮಾತೇ ಇರಲಿಲ್ಲ. ಓದಿದೆ — ಇನ್ನೊಮ್ಮೆ ಓದಿದೆ — ಕಟ್ಟನ್ನು ಮೊದಲಿನಂತೆ ಬಿಗಿದು ಅಟ್ಟಕ್ಕೆ ಹಾಕಿದೆ. ಪುಸ್ತಕ ನಿಂತುಹೋದೀತು ಎಂದೇ? ವೇದಿಕೆ, ಹಾರ, ಶಾಲು... ಹೌದು, ಅಷ್ಟಕ್ಕೇ.

ಅವಳು ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದಳು.

“ಸಿಕ್ತಾ ಮೇಷ್ಟ್ರೇ?”

“ಇಲ್ಲ ಕಣಮ್ಮ. ಅಂಥಾದ್ದೇನೂ ಇಲ್ಲ.”

“ಓದ್ದೋರು ನೀವು. ಇಲ್ಲ ಅಂದ್ರೆ ಇಲ್ಲ ಬುಡಿ. ನಮ್ಮಪ್ಪ ಬರೀ ಸುಳ್ಳು ಹೇಳ್ಕಂಡೇ ಸತ್ತೋಗ್ಬುಟ್ಟ ನೋಡಿ.”

ಆ ಮಾತು ಕೇಳಿದ ಮೇಲಾದರೂ ನಾನು ಬಾಯಿ ಬಿಡಬೇಕಿತ್ತು. ಬಸ್ಸು ಬರುವ ಹೊತ್ತಾಯಿತು ಎಂದೆ.

ಪುಸ್ತಕ ಬಂತು. ಶಾಲು ಹೊದಿಸಿದರು. ಸಣ್ಣಮ್ಮ ಮತ್ತೆ ಅರ್ಜಿ ಕೊಡಲಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡಳು. ಸುದ್ದಿ ತಿಳಿದ ದಿನ ದಾಖಲೆ ಕೋಣೆಗೆ ಓಡಿದೆ — ಯಾಕೆ ಓಡಿದೆನೋ, ಅವಳೇ ಇಲ್ಲದ ಮೇಲೆ. ಅಟ್ಟದ ಕಟ್ಟುಗಳಿಗೆ ಗೆದ್ದಲು ಹಿಡಿದಿತ್ತೆಂದು ಎಲ್ಲವನ್ನೂ ಸುಟ್ಟುಹಾಕಿದ್ದರು.

ಹೋದ ತಿಂಗಳು ಅವಳ ಮಗಳು ಗೌರಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನಾನು ಕಂಡದ್ದನ್ನು ಬರೆದು ಸಹಿ ಮಾಡಿಕೊಡುತ್ತೇನೆ ಎಂದೆ. ಅವಳು ಅಂಗಳದಲ್ಲಿ ಒಣಗಲು ಕಾಫಿ ಬೀಜ ಹರಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ಅದ್ನ ಇಟ್ಕಂಡು ಯಾರ್ನ ಕೇಳಾಣ ಮೇಷ್ಟ್ರೇ? ಕಾಗ್ದಾನೇ ಇಲ್ವಲ್ಲ.” ಆಮೇಲೆ ಮೆಲ್ಲಗೆ ಹೇಳಿದಳು: “ನೀವು ಇಲ್ಲ ಅಂದಾವತ್ತಿಂದ ಪಕ್ಷದ ಹಬ್ಬಕ್ಕೆ ಅವ್ರಪ್ಪಂಗೆ ಎಡೆ ಇಕ್ಕಾದ್ನೇ ಬುಟ್ಬುಟ್ಟಿದ್ಲು ನಮ್ಮವ್ವ.”

ಬೈಯಲಿಲ್ಲ. ಕೂರಿ ಎನ್ನಲೂ ಇಲ್ಲ. ಸತ್ತವನಿಗೆ ಮಗಳ ಕೈಯ ಒಂದು ತುತ್ತನ್ನೂ ತಪ್ಪಿಸಿದವನು ನಾನು. ಅದನ್ನು ಯಾರಿಗೆ ಹೇಗೆ ಹಿಂದಿರುಗಿಸಲಿ — ನನಗೆ ಗೊತ್ತಿಲ್ಲ.