ಕತ್ತರಿ ಮಾಮ ಬೇಡಿಕೊಂಡದ್ದು

ಕತ್ತರಿ ಮಾಮನಿಗೆ ಕೈಗಿಂತ ಬಾಯಿ ಮುಂದು. ಬಸ್ ಡಿಪೋ ಎದುರಿನ ಅವನ ಕಟಿಂಗ್ ಶಾಪಿನಲ್ಲಿ ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಮುಗಿಯದಷ್ಟು ಕಥೆ. ಒಮ್ಮೆ ಕಥೆಯ ಭರದಲ್ಲಿ ಹೆಡ್‌ಮಾಸ್ತರರ ಮೀಸೆಯ ಒಂದು ಬದಿಯನ್ನು ಪೂರ್ತಿ ಬೋಳಿಸಿ, "ಸಾರ್, ಇನ್ನೊಂದು ಬದೀನೂ ಹೋದ್ರೆ ಹತ್ತು ವರ್ಷ ಚಿಕ್ಕೋರಾಗ್ತೀರಿ" ಎಂದು ಸಮಾಧಾನ ಹೇಳಿದ ಭೂಪ. ಹೆಡ್‌ಮಾಸ್ತರರು ಇಂದಿಗೂ ಅವನ ಗಿರಾಕಿಯೇ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಂಥವನ ಬಾಯಿ ಕಟ್ಟಿಹೋದದ್ದು ಏಳು ವರ್ಷದ ಮಗನಿಗೆ ರಕ್ತದ ಕಾಯಿಲೆ ಬಂದಾಗ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಗೋಡೆ ನೋಡುತ್ತ ಕೂತಿದ್ದವನನ್ನು ಪೋಸ್ಟಜ್ಜಿ ರಟ್ಟೆ ಹಿಡಿದು ಎಬ್ಬಿಸಿದಳು. ಅಂಚೆ ಕಚೇರಿಯಿಂದ ನಿವೃತ್ತಳಾದ ಈ ಮುದುಕಿ, ಹರೆಯದಲ್ಲೇ ಮಗನನ್ನು ಕಳೆದುಕೊಂಡವಳು. ಪ್ರತಿ ಶನಿವಾರ ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಪ್ರಾರ್ಥನಾ ಮಂದಿರದಲ್ಲಿ ಕಾಯಿಲೆ ಮಕ್ಕಳ ತಂದೆತಾಯಂದಿರನ್ನು ಕೂಡಿಸುತ್ತಾಳೆ. ಅವಳಿಗೆ ಸಿಕ್ಕಿದ ಕೋಣೆಯಲ್ಲಿ ಇರುವುದೆಲ್ಲ ಪುಟಾಣಿಗಳ ಕುರ್ಚಿ. ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂರಬೇಕು. ಹಾಗೆ ಕೂತವರು ಎಷ್ಟು ಹೊತ್ತು ತಾನೇ ಮುಖ ಗಂಟು ಹಾಕಿಕೊಂಡಿರಲು ಸಾಧ್ಯ?

ಅಜ್ಜಿಯದು ಒಂದೇ ಕಟ್ಟಳೆ. ಅಲ್ಲಿ ಯಾರೂ ತಮ್ಮ ಮಗುವಿಗಾಗಿ ಬೇಡುವಂತಿಲ್ಲ.

"ನಿಮ್ಮ ಮಗೂಗೆ ನೀವೇ ಕೇಳಿದ್ರೆ ಅದು ಪ್ರಾರ್ಥನೆ ಅಲ್ಲ, ಚೌಕಾಸಿ. ಇದು ಕೊಡು, ಅದು ಬಿಡ್ತೀನಿ ಅಂತ ಶುರು ಹಚ್ಕೋತೀರಿ. ಇನ್ನೊಬ್ಬರ ಮಗೂಗೆ ಕೇಳಿ. ನಿಮ್ಮದನ್ನ ಇನ್ಯಾರೋ ನೋಡ್ಕೋತಾರೆ."

ಚೀಟಿ ಎತ್ತಿದಾಗ ಮಾಮನ ಪಾಲಿಗೆ ಬಂದದ್ದು ಬಸ್ಸಮ್ಮನ ಆರು ವರ್ಷದ ಮಗಳು. ಬಸ್ಸಮ್ಮನ ಪಾಲಿಗೆ ಹೋದದ್ದು ಮಾಮನ ಮಗ. ಬಸ್ಸಮ್ಮ ಸಿಟಿ ಬಸ್ಸು ಓಡಿಸುವ ಹೆಂಗಸು. ನಾಲ್ಕು ಮಾತು ಹೆಚ್ಚಾಡಿದರೆ ಎಲ್ಲಿ ಡೀಸೆಲ್ ಖರ್ಚಾದೀತೋ ಎನ್ನುವ ಹಾಗಿರುವವಳು. ಮಾಮ ಮಾತ್ರ ದಿನಾ ಬೆಳಿಗ್ಗೆ ಷಟರ್ ಎತ್ತುವ ಮೊದಲು ಬೀದಿಗೆಲ್ಲ ಕೇಳುವಂತೆ, "ಪುಟ್ಟಿ ಜ್ವರ ಇಳಿಸಪ್ಪಾ, ಎರಡು ತುತ್ತು ಹೊಟ್ಟೆಗೆ ಸೇರೋ ಹಾಗೆ ಮಾಡಪ್ಪಾ" ಎಂದು ಕೂಗಿ ಕೇಳುತ್ತಿದ್ದ. ಪಕ್ಕದ ಸೈಕಲ್ ಅಂಗಡಿಯವನು, "ಮಾಮ, ದೇವರಿಗೆ ಕಿವಿ ಚೆನ್ನಾಗೇ ಇದೆ" ಎಂದು ರೇಗಿಸುತ್ತಿದ್ದ.

ಒಂದು ವರ್ಷ ಹೀಗೇ ನಡೆಯಿತು. ಕಡೆಗೆ ಮಾಮನ ಮಗ ಚೇತರಿಸಿಕೊಂಡು ಮನೆಗೆ ಬಂದ. ಅದೇ ತಿಂಗಳಲ್ಲಿ ಬಸ್ಸಮ್ಮನ ಮಗಳು ತೀರಿಕೊಂಡಳು.

ಮಣ್ಣಿಗೆ ಹೋದ ದಿನ ಮಾಮ ಜನರ ಹಿಂದೆ ನಿಂತು ಬಂದುಬಿಟ್ಟ. ಆಮೇಲೆ ಬಸ್ಸಮ್ಮನ ಬಸ್ಸು ಡಿಪೋದಿಂದ ಹೊರಟರೆ ಸಾಕು, ಬೀದಿಗೆ ಬೆನ್ನು ಹಾಕಿ ಕತ್ತರಿ ಒರೆಸುತ್ತ ನಿಲ್ಲುತ್ತಿದ್ದ. ಐದು ವಾರದಲ್ಲಿ ಆ ಕತ್ತರಿಗಳು ಬೆಳ್ಳಿಯ ಹಾಗೆ ಹೊಳೆಯತೊಡಗಿದವು. ಬಸ್ಸಮ್ಮನೂ ಶನಿವಾರಕ್ಕೆ ಬರುವುದನ್ನು ಬಿಟ್ಟಿದ್ದಳು.

"ಹೋಗಿ ಮಾತಾಡಿಸ್ಕೊಂಡು ಬಾ" ಎಂದಳು ಅಜ್ಜಿ.

"ಯಾವ ಮುಖ ಇಟ್ಕೊಂಡು ಹೋಗ್ಲಿ? ಅವರು ಬೇಡ್ಕೊಂಡ್ರು, ನನ್ನ ಮಗ ಎದ್ದ. ನಾನು ಬೇಡ್ಕೊಂಡೆ..."

"ಓಹೋ, ಲೋಕ ಎಲ್ಲ ನಿನ್ನ ಬಾಯಿಂದ್ಲೇ ನಡೀತಿದೆ ಅಂದ್ಕೊಂಡ್ಯಾ? ಅಷ್ಟು ದೊಡ್ಡ ಮನುಷ್ಯನಾದ್ರೆ ಈ ನನ್ನ ಮಂಡಿನೋವು ಮೊದ್ಲು ವಾಸಿ ಮಾಡು."

ಭಾನುವಾರ ಮಧ್ಯಾಹ್ನ ಮಾಮ ಮೂರು ಮಹಡಿ ಹತ್ತಿ ಬಸ್ಸಮ್ಮನ ಬಾಗಿಲು ತಟ್ಟಿದ. ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಬಸ್ಸಮ್ಮ ಒಗೆದ ಖಾಕಿ ಅಂಗಿಯನ್ನು ಹಿಂಡುತ್ತಲೇ ಬಾಗಿಲು ತೆರೆದವಳು, ಇವನನ್ನು ಕಂಡದ್ದೇ ಸಿಡಿದಳು.

"ಏನ್ರೀ, ಒಂದು ತಿಂಗಳಾಯ್ತು! ಹುಡುಗನ ರಕ್ತ ಪರೀಕ್ಷೆ ಏನಾಯ್ತು ಅಂತ ಹೇಳೋದು ಬೇಡ್ವಾ? ಸುದ್ದೀನೇ ಇಲ್ದೆ ನಾನು ಏನಂತ ಬೇಡ್ಕೊಳ್ಲಿ?"

ಮಾಮ ಹೊಸ್ತಿಲಲ್ಲೇ ಕೂತುಬಿಟ್ಟ. ಇವಳು ಇನ್ನೂ ತನ್ನ ಮಗನಿಗಾಗಿ ಬೇಡುತ್ತಿದ್ದಾಳೆ!

"ಪರೀಕ್ಷೆ ಚೆನ್ನಾಗಿದೆ" ಎಂದ, ಕಳ್ಳತನ ಒಪ್ಪಿಕೊಳ್ಳುವವನಂತೆ. "ನೀವ್ಯಾಕೆ ಶನಿವಾರ ಬರ್ತಿಲ್ಲ?"

"ನನ್ನ ಮುಖ ನೋಡಿದ್ರೆ ಮಿಕ್ಕ ತಾಯಂದಿರಿಗೆ ಭಯ ಆಗಲ್ವಾ?"

"ನನ್ನ ಮುಖಕ್ಕಿಂತಾನಾ?" ಎಂದ ಮಾಮ. ಬಸ್ಸಮ್ಮನ ತುಟಿ ತುಸು ಸಡಿಲವಾಯಿತು. ಅಷ್ಟು ಧೈರ್ಯ ಸಿಕ್ಕಿದ್ದೇ ತಡ, ಐದು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೊರಗೆ ಹಾಕಿದ.

"ಅಕ್ಕಾ, ಬೈಬೇಡಿ. ನಾನೊಂದು ಹುಚ್ಚುತನ ಮಾಡ್ತಿದ್ದೀನಿ. ಷಟರ್ ಎತ್ತೋ ಮೊದ್ಲು ಬಾಯಿ ತಾನಾಗೇ 'ಪುಟ್ಟಿ ಜ್ವರ ಇಳಿಸಪ್ಪಾ' ಅನ್ನತ್ತೆ. ಇವತ್ತೂ ಅಂದೆ. ನಿಲ್ಸೋಕೇ ಆಗ್ತಿಲ್ಲ."

ಹಿಂಡಿದ ಅಂಗಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕೆಟ್ಟೆ, ಆಡಬಾರದ್ದನ್ನು ಆಡಿಬಿಟ್ಟೆ ಎಂದು ಮಾಮ ತನಗೆ ತಾನೇ ಶಾಪ ಹಾಕಿಕೊಳ್ಳುವಷ್ಟರಲ್ಲಿ ಅವಳು ಅವನ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತಳು.

"ನಿಲ್ಸಬೇಡಿ. ಆದ್ರೆ ಅವಳಿಗೆ ಅಲ್ಲಿ ಎಂಥ ಜ್ವರ? ಬೇರೆ ಏನಾದ್ರೂ ಕೇಳಿ."

"ಏನು ಕೇಳ್ಲಿ?"

ಅವಳು ಒದ್ದೆ ಅಂಗಿಯನ್ನು ಬದಿಗಿಟ್ಟಳು. "ಔಷಧಿಗೆ ಉದುರಿತ್ತಲ್ಲ, ಆ ಕೂದಲು ಇಷ್ಟು ಹೊತ್ತಿಗೆ ಬಂದಿರತ್ತೆ. ಬಾಚಿದ್ರೆ ರಂಪ ಮಾಡ್ತಾಳೆ. ಅಲ್ಲಿ ಬಾಚೋರಿಗೆ ಹೇಗೆ ಗೊತ್ತಾಗ್ಬೇಕು? ನೀವು ಕಸುಬು ಗೊತ್ತಿರೋರು. ದೇವರಿಗೆ ಸರಿಯಾಗಿ ಹೇಳ್ಕೊಡಿ."

ಮಾಮ ಕಣ್ಣು ಮುಚ್ಚಿಕೊಂಡ. ಅವನ ಬಾಯಿಂದ ಅಷ್ಟು ಮೆಲ್ಲನೆಯ ದನಿ ಹೊರಟದ್ದು ಅದೇ ಮೊದಲು.

"ಅಪ್ಪಾ, ಬುಡದಿಂದ ಎಳೀಬೇಡ. ಒಂಚೂರು ನೀರು ಮುಟ್ಟಿಸ್ಕೋ. ದೊಡ್ಡ ಹಲ್ಲಿನ ಬಾಚಣಿಗೇಲಿ ತುದಿಯಿಂದ ಶುರು ಮಾಡು. ಸಿಕ್ಕು ಬಂದ್ರೆ ಮೇಲೆ ಬೆರಳಲ್ಲಿ ಹಿಡ್ಕೊಂಡು ಕೆಳಗೆ ಬಿಡಿಸು, ಆಗ ನೋಯಲ್ಲ. ಕಥೆ ಹೇಳ್ತಾ ಇರು, ಗೊತ್ತೇ ಆಗಲ್ಲ. ಬಲಗಡೆ ಬೈತಲೆ ತೆಗೆದು..."

"ಎಡಗಡೆ" ಎಂದಳು ಬಸ್ಸಮ್ಮ.

"ತಪ್ಪಾಯ್ತಪ್ಪಾ, ಎಡಗಡೆ" ಎಂದ ಮಾಮ.