ಓದುವವರಿಲ್ಲ ಎಂದು ಬರೆದವಳು ನಾನು

ಅತ್ತಿಗೆ, ಮೇಲಿನಿಂದ ಯಾವ ಆದೇಶವೂ ಬಂದಿರಲಿಲ್ಲ. ನಮ್ಮೂರ ಗ್ರಂಥಾಲಯದ ಕನ್ನಡ ಪುಸ್ತಕಗಳನ್ನು ತೆಗೆಸಿದವಳು ನಾನೇ. ಇಪ್ಪತ್ತೆರಡು ವರ್ಷ ನಿಮ್ಮ ಮುಖ ನೋಡಿ ಮಾತಾಡುತ್ತಾ, ನೀವು ಬಡಿಸಿದ್ದನ್ನು ಉಣ್ಣುತ್ತಾ, ಈ ಒಂದು ಮಾತನ್ನು ನುಂಗಿಕೊಂಡೇ ಬಂದೆ.

ಗುರುವಾರ ಆ ಹೊರದೇಶದ ಹೆಂಗಸು ಬರುತ್ತಾಳೆ. ಇನ್ನು ನಾಲ್ಕೇ ದಿನ. ಅದಕ್ಕೇ ಈಗ ಬರೆಯುತ್ತಿದ್ದೇನೆ — ಅವಳು ಬರುವುದಿಲ್ಲ ಎಂದಾಗಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ... ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಕ್ರಮವಾಗಿ ಹೇಳದಿದ್ದರೆ ನಡುವೆ ಎಲ್ಲೋ ಜಾರಿಕೊಳ್ಳುವವಳು ನಾನು, ನನ್ನನ್ನು ನಾನು ಬಲ್ಲೆ.

ನೀವು ಅಣ್ಣನ ಕೈಹಿಡಿದು ಕೊಳ್ಳೇಗಾಲದ ಕಡೆಯಿಂದ ಗಡಿ ದಾಟಿ, ತಮಿಳುನಾಡಿನ ಪಾಲಮಲೆಯ ಬುಡದ ನಮ್ಮೂರಿಗೆ ಬಂದಾಗ ನನಗೆ ಎಂಟು ವರ್ಷ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಕನ್ನಡ. ಶಾಲೆಗೆ ಹೋದವರ ಅಕ್ಷರ ಮಾತ್ರ ತಮಿಳು. ನೀವೊಬ್ಬರೇ ತಿರುವುಮುರುವು — ಏಳನೇ ಕ್ಲಾಸಿನವರೆಗೆ ಕನ್ನಡ ಓದಿದವರು, ಬಸ್ಸಿನ ತಮಿಳು ಬೋರ್ಡು ಓದಲು ನನ್ನನ್ನು ಕೇಳಬೇಕಿತ್ತು. ಕುರಿ ಹಟ್ಟಿಯ ಹಿಂದಿನ ಗೋಡೆಯ ಮೇಲೆ ಸುಣ್ಣದಲ್ಲಿ ಅ ಆ ಬರೆದು ಕಲಿಸಿದಿರಿ. "ಓದಾಕೆ ನಂಗೂ ಒಂದ್ ಜೊತೆ ಬೇಕಲ್ಲವ್ವ" ಎಂದು ನಗುತ್ತಿದ್ದಿರಿ. ಈಗ ಬರೆಯುತ್ತಿರುವ ಈ ಅಕ್ಷರ ನಿಮ್ಮದೇ. ತಪ್ಪಿದ್ದರೆ ಬೈಯಿರಿ.

ಮುಂದೆ ನಾನು ಗ್ರಂಥಾಲಯದ ಕೆಲಸ ಕಲಿತು ನಮ್ಮೂರಿಗೇ ಬಂದೆ. ಒಂದೇ ಕೋಣೆ, ನಾಲ್ಕು ಬೀರು. ಒಂದರ ಕೆಳಗಿನ ಎರಡು ಸಾಲಿನಲ್ಲಿ ಕನ್ನಡ ಪುಸ್ತಕ, ಗಡಿಯಾಚೆಯ ಯಾರೋ ಮೇಷ್ಟ್ರು ಕೊಟ್ಟು ಹೋದವು. ಮಧ್ಯಾಹ್ನ ಮೂರಕ್ಕೆ ನೀವು ಹುಲ್ಲಿನ ಹೊರೆಯನ್ನು ಬಾಗಿಲಾಚೆ ಇಳಿಸಿ ಒಳಗೆ ಬರುತ್ತಿದ್ದಿರಿ. ನಿಂತೇ ಓದುತ್ತಿದ್ದಿರಿ, ಅರ್ಧ ಗಂಟೆ. ಸೊಸೆ ಪುಸ್ತಕ ಹಿಡಿದರೆ ನಮ್ಮವ್ವನಿಗೆ ಮೈಯೆಲ್ಲ ಉರಿ, ಹಾಗಾಗಿ ಮನೆಗೆ ಒಯ್ಯುವಂತಿರಲಿಲ್ಲ. ಓದಿದಲ್ಲಿಗೆ ಒಂದು ಹುಲ್ಲುಕಡ್ಡಿ ಇಟ್ಟು ಹೋಗುತ್ತಿದ್ದಿರಿ. ನಮ್ಮ ಕೆಲಸದಲ್ಲಿ ಮನೆಗೆ ಒಯ್ದ ಪುಸ್ತಕಕ್ಕಷ್ಟೇ ದಾಖಲೆ. ನನ್ನ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಒಂದು ಸಲವೂ ಇಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಹೊರದೇಶದ ಗ್ರಂಥಪಾಲಕರ ತಂಡವೊಂದು ನಮ್ಮ ಕಡೆಯ ಹಳ್ಳಿಗಳನ್ನು ನೋಡಲು ಬರುವುದಿತ್ತು. ಚೆನ್ನಾಗಿ ನಡೆಸುವ ಒಬ್ಬರನ್ನು ತರಬೇತಿಗೆ ಕರೆದೊಯ್ಯುತ್ತಾರಂತೆ ಎಂಬ ಸುದ್ದಿ. ನನಗೆ ಹುಚ್ಚೇ ಹಿಡಿಯಿತು. ಬಣ್ಣದ ಇಂಗ್ಲಿಷ್ ಪುಸ್ತಕಗಳನ್ನು ತರಿಸಿದೆ, ಇಡಲು ಜಾಗವಿಲ್ಲ. ಮೂರು ವರ್ಷ ಯಾರೂ ಒಯ್ಯದ ಪುಸ್ತಕವನ್ನು ತೆಗೆಯಬಹುದು ಎಂಬ ನಿಯಮವಿತ್ತು. ತೆಗೆಯಲೇಬೇಕೆಂದಿರಲಿಲ್ಲ, ತೆಗೆಯಬಹುದು ಅಷ್ಟೇ. ಕಾರಣ ಬರೆಯುವ ಜಾಗದಲ್ಲಿ 'ಈ ಊರಿನಲ್ಲಿ ಕನ್ನಡ ಓದುವವರಿಲ್ಲ' ಎಂದು ಬರೆದು ಸಹಿ ಹಾಕಿದೆ. ಬರೆಯುವಾಗ ಗಡಿಯಾರ ನೋಡಿದ್ದು ನೆನಪಿದೆ — ಹಳೇ ಪೇಪರಿನವನು ಮೂರಕ್ಕೆ ಮೊದಲೇ ಬಂದು ಹೋದರೆ ಸಾಕಪ್ಪಾ ಎಂದು. ಮೂಟೆಗೆ ತುಂಬುವಾಗ ಒಂದು ದಪ್ಪ ಪುಸ್ತಕದ ನಡುವೆ ಹುಲ್ಲುಕಡ್ಡಿ ಇತ್ತು. ಕಂಡೂ ತುಂಬಿದೆ.

ನೀವು ಬಂದಿರಿ. ಆ ಬೀರುವಿನ ಮುಂದೆ ಬಗ್ಗಿ ಕೂತು, ಬೆರಳಿನಿಂದ ಇಂಗ್ಲಿಷ್ ಪುಸ್ತಕಗಳನ್ನು ಒಂದೊಂದಾಗಿ ಸರಿಸಿ ನೋಡಿದಿರಿ.

"ಬುಕ್ಕೆಲ್ಲಾ ಎಲ್ಲೋದ್ವು ತಾಯಿ?"

"ಮೇಲಿಂದ ಆರ್ಡರ್ ಬಂದೈತೆ ಅತ್ಗೆ. ನಾನೇನ್ ಮಾಡ್ಲಿ?"

"ಆರ್ಡರಂದ್ಮೇಲೆ ನೀನಾರ ಏನ್ ಮಾಡೀಯೆ, ಬುಡು. ನಿನ್ ವೇಲೆಗೆ ಏನೂ ಆಗ್ದಿದ್ರೆ ಸಾಕು."

ನನ್ನ ಕೆಲಸಕ್ಕೆ ಏನೂ ಆಗಬಾರದಂತೆ! ಹೊರೆ ಎತ್ತಿ ತಲೆಯ ಮೇಲಿಡಲು ನಾನೇ ಕೈಕೊಟ್ಟೆ. ಮತ್ತೆ ನೀವು ಆ ಬಾಗಿಲು ತುಳಿಯಲಿಲ್ಲ.

ತಂಡದವರು ಬಂದು ನೋಡಿ ನನ್ನನ್ನೇ ಆರಿಸಿದರು. ಆಮೇಲಿನದು ನೀವು ಊರೆಲ್ಲ ಹೇಳಿಕೊಂಡು ತಿರುಗಿದ ಹೆಮ್ಮೆ. "ನಮ್ ಎಣ್ಣು ಬುಕ್ ನೋಡ್ಕಳಾಕೆ ಏರೋಪ್ಲೇನಲ್ಲಿ ಓಯ್ತದೆ" ಎಂದು ಕೊಳತ್ತೂರು ಬಸ್ಸಿನ ಕಂಡಕ್ಟರಿಗೂ ಹೇಳಿದ್ದಿರಂತೆ. ತರಬೇತಿ, ಸೇಲಂನ ಕಾಲೇಜಿನಲ್ಲಿ ದೊಡ್ಡ ಗ್ರಂಥಾಲಯ, ಕೊನೆಗೆ ದೇಶದೇಶದ ಗ್ರಂಥಪಾಲಕರ ಸಂಘವೊಂದರಲ್ಲಿ ಸ್ಥಾನ. ಕೊಲಂಬೊ, ನೈರೋಬಿ, ಫಿನ್ಲೆಂಡ್. ಬೇರೆ ದೇಶಕ್ಕೆ ಹೋಗಿ ನೆಲೆಸಿದವರಿಗೆ ಅವರವರ ಭಾಷೆಯ ಪುಸ್ತಕ ಸಿಗುವಂತೆ ಮಾಡುವುದು ನನ್ನ ಕೆಲಸ. ನಗಬೇಡಿ ಅತ್ತಿಗೆ, ನಿಜವಾಗಿಯೂ ಅದೇ ನನ್ನ ಕೆಲಸ. ಅದನ್ನು ನಾನು ಪ್ರೀತಿಯಿಂದಲೇ ಮಾಡಿದೆ.

ಫಿನ್ಲೆಂಡಿನ ಸಭೆಯಲ್ಲಿ ಮಾತು ತಡವರಿಸಿದಾಗ ನಿಮ್ಮನ್ನು ನೆನೆದೆ. ನಿಂತು ಓದುವ ಹೆಂಗಸು, ಹುಲ್ಲಿನ ಹೊರೆ, ಹುಲ್ಲುಕಡ್ಡಿ — ಒಂದನ್ನೂ ಬಿಡಲಿಲ್ಲ. "ಓದುವ ಆ ಒಬ್ಬಳಿಗಾಗಿ ನಮ್ಮೂರಲ್ಲಿ ಆ ಪುಸ್ತಕಗಳನ್ನು ಇವತ್ತಿಗೂ ಉಳಿಸಿಕೊಂಡಿದ್ದೇವೆ" ಎಂದೆ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಹೋದಲ್ಲೆಲ್ಲ ಅದೇ ಕತೆ. ಹೇಳಿ ಕೂತ ಮೇಲೆ ಪ್ರತಿ ಸಲವೂ ಒಂದೇ ಯೋಚನೆ: ಯಾರಾದರೂ ನೋಡಲು ಬಂದುಬಿಟ್ಟರೆ? ಹೋದ ತಿಂಗಳು ಸಂಘದಿಂದ ಪತ್ರ ಬಂತು. ಒಬ್ಬಾಕೆ ಬರುತ್ತಾಳಂತೆ, ಆ ಬೀರುವಿನ ಫೋಟೋ ತೆಗೆಯಬೇಕಂತೆ, ನಿಮ್ಮ ಕೈ ಕುಲುಕಬೇಕಂತೆ.

ಆಗಲಾದರೂ ಬುದ್ಧಿ ಬರಬೇಕಿತ್ತು. ನಾನು ಮಾಡಿದ್ದೇನು ಗೊತ್ತೇ? ಬೆಂಗಳೂರಿಗೆ ಓಡಿ ಎರಡು ಚೀಲ ಕನ್ನಡ ಪುಸ್ತಕ ಕೊಂಡು, ಹೊಸವೆಂದು ಕಾಣದಿರಲಿ ಎಂದು ಪುಟ ಮಡಚಿ, ಮೂಲೆ ಮಸುಕು ಮಾಡಿ ಆ ಬೀರುವಿನಲ್ಲಿ ಜೋಡಿಸಿಟ್ಟೆ. ಮೊನ್ನೆ ಅದರಲ್ಲೊಂದನ್ನು ಹಿಡಿದು ನಿಮ್ಮ ಹತ್ತಿರ ಬಂದೆ. ನೀವು ಈಗಲೂ ಓದುತ್ತೀರೆಂದು ಅಲ್ಲಿ ಹೇಳಿಬಿಟ್ಟಿದ್ದೇನೆ ಎಂದೆ. ಅಷ್ಟನ್ನು ಮಾತ್ರ ಹೇಳಿದೆ. ನೀವು ಪುಟ ಬಿಡಿಸಿ ಬೆರಳಿಟ್ಟಿರಿ. ಬೆರಳು ಒಂದೇ ಪದದ ಮೇಲೆ ಎಷ್ಟು ಹೊತ್ತು ನಿಂತಿತು...

"ಅಕ್ಸರ ಎಲ್ಲಾ ಅಂಗಂಗೇ ನಿಂತ್ಕತವೆ ಕಣವ್ವ, ಕೂಡ್ಸಾಕೆ ಬರಾಕಿಲ್ಲ. ಆದ್ರೂ ಅವಮ್ಮ ಕೇಳುದ್ರೆ ದಿನಾ ಓದ್ತೀನಿ ಅಂತ್ಲೇ ಯೋಳ್ತೀನಿ. ನಿನ್ ಮರ್ವಾದೆ ಓಗ್ಬಾರ್ದು."

ನನಗಾಗಿ ಸುಳ್ಳು ಹೇಳಲು ಒಪ್ಪಿದಿರಿ, ಯಾವ ಸುಳ್ಳಿನ ಮೇಲೆ ಈ ಸುಳ್ಳು ಎಂದೂ ತಿಳಿಯದೆ. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಕೇಳಿದಿರಿ: "ಅದ್ಸರಿ, ಆಗ ಓದ್ತಿದ್ನಲ್ಲ ದಪ್ಪ ಬುಕ್ಕು, ಅದ್ರಲ್ಲಿ ಒಬ್ಳು ಮಗೀನ್ ಎತ್ಕಂಡು ತುಂಬುದ್ ಒಳೆ ದಾಟಾಕೋಗಿದ್ಲು. ದಾಟುದ್ಲಾ?"

ನನಗೆ ಗೊತ್ತಿಲ್ಲ ಅತ್ತಿಗೆ. ಆ ಪುಸ್ತಕದ ಹೆಸರೂ ಗೊತ್ತಿಲ್ಲ. ಮೂಟೆಗೆ ಹಾಕುವಾಗ ಹೊದಿಕೆ ತಿರುಗಿಸಿಯೂ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಆ ಹೆಂಗಸು ನಿಮ್ಮ ಮನಸ್ಸಿನಲ್ಲಿ ಮಗು ಎತ್ತಿಕೊಂಡು ಹೊಳೆಯ ನಡುವೆಯೇ ನಿಂತಿದ್ದಾಳೆ, ನಿಲ್ಲಿಸಿದವಳು ನಾನು. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಸಾಲದೆ ಬಸ್ಸಿಗೆ ಹೊತ್ತಾಯಿತು ಎಂದು ಓಡಿಬಂದೆ.

ಇವತ್ತು ಬೆಳಿಗ್ಗೆ ಸಂಘಕ್ಕೆ ಎಲ್ಲವನ್ನೂ ಬರೆದು ಕಳಿಸಿದೆ. ಇನ್ನೂ ಉತ್ತರವಿಲ್ಲ, ಗಳಿಗೆಗೊಮ್ಮೆ ಫೋನು ನೋಡುತ್ತಿದ್ದೇನೆ. ಸ್ಥಾನ ಹೋಗುತ್ತದೆ. ಹೋದರೆ ಹೋಗಲಿ ಎನ್ನುವಷ್ಟು ದೊಡ್ಡವಳಲ್ಲ ನಾನು, ಸಂಕಟವಾಗುತ್ತದೆ. ಬೀರುವಿನಲ್ಲಿಟ್ಟ ಹೊಸ ಪುಸ್ತಕಗಳನ್ನು ನನ್ನ ಪ್ರಾಯಶ್ಚಿತ್ತ ಎಂದುಕೊಳ್ಳಬೇಡಿ. ಅವು ಫೋಟೋಗೆಂದು ಕೊಂಡವು.

ನಾಳೆ ಈ ಹಾಳೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ನೀನೇ ಓದಿ ಹೇಳು ಎಂದರೂ ನಾನು ಓದುವುದಿಲ್ಲ — ನನ್ನ ಬಾಯಿ ಎಲ್ಲಿ ಒಂದು ಸಾಲು ಹಾರಿಸಿಬಿಡುತ್ತದೋ ಎಂಬ ಭಯ. ನೀವೇ ಕೂಡಿಸಿ ಕೂಡಿಸಿ ಓದಬೇಕು, ಒಂದು ದಿನ ಹಿಡಿದರೂ ಸರಿ. ಓದಿ ಮುಗಿಸಿ ಎದ್ದು ಹೋಗು ಎಂದರೆ ಹೋಗುತ್ತೇನೆ. ಅಲ್ಲಿಯವರೆಗೆ ನಿಮ್ಮ ಎದುರಿಗೇ ಕೂತಿರುತ್ತೇನೆ.